ಶುಗರ್ ಜೊತೆ ಬದುಕಿ ಸಾಕಾಗಿದೆ, ಏನು ಮಾಡಲಿ?

ಪ್ರಶ್ನೆ: ನನಗೆ 52 ವರ್ಷ. ಕೋಲಾರ ಜಿಲ್ಲೆ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಯವಳು. ಶುಗರ್ ಬಂದು ಒಂಬತ್ತು ವರ್ಷ ಆಯ್ತು. ನಮ್ಮದೇ ಮಾವಿನ ತೋಟ ಇದೆ. ಹೋದ ತಿಂಗಳು ಒಂದು ಹೋಳು ಬಾದಾಮಿ ಹಣ್ಣು ಕೈಗೆ ತಗೊಂಡೆ. ನೆಂಟರ ಮುಂದೆಯೇ ಮಗ ಕಿತ್ತುಕೊಂಡು, "ಸಾಯ್ಬೇಕು ಅಂತಿದ್ದೀಯಾ?" ಅಂದ. ಮೂರು ತಿಂಗಳ ಸಕ್ಕರೆ ಪರೀಕ್ಷೆ ಮಾಡಿಸಿದರೆ 9.1 ಬಂತು. ಡಾಕ್ಟರು, "ಪಥ್ಯ ಮಾಡ್ತಿಲ್ಲ ನೀವು, ಇನ್ನು ಇನ್ಸುಲಿನ್ನೇ ಗತಿ" ಅಂದರು. ಅವತ್ತಿನಿಂದ ಮಾತ್ರೆ ಡಬ್ಬಿ ಕಂಡರೆ ಅಳು ಬರುತ್ತೆ. ಹತ್ತು ದಿನದಿಂದ ಸರಿಯಾಗಿ ತಗೊಂಡಿಲ್ಲ, ಮನೆಯಲ್ಲಿ ಹೇಳಿಲ್ಲ. ಕೆಲಸ ಮಾಡ್ತೀನಿ, ಮೊಮ್ಮಗಳ ಜೊತೆ ನಗ್ತೀನಿ. ಶುಗರ್ ಮಾತು ಬಂದರೆ ಮಾತ್ರ ಸಾಕಪ್ಪಾ ಅನ್ನಿಸುತ್ತೆ. ನನ್ನ ಮನಸ್ಸಿಗೆ ಏನಾಗಿದೆ?

ಉತ್ತರ: ಅಮ್ಮಾ, ಮೊದಲು ಮಾತ್ರೆಯ ವಿಷಯ. ನಾಳೆ ಬೆಳಿಗ್ಗೆಯೇ ಹತ್ತಿರದ ಆಸ್ಪತ್ರೆಗೆ ಹೋಗಿ ಸಕ್ಕರೆ ನೋಡಿಸಿ. ಮಾತ್ರೆ ತಪ್ಪಿದ್ದನ್ನು ಮುಚ್ಚಿಡದೆ ಹೇಳಿ. ತಪ್ಪಿದ್ದಕ್ಕೆ ಅಂತ ಎರಡೆರಡು ನುಂಗಬೇಡಿ. ತುಂಬಾ ಬಾಯಾರಿಕೆ, ವಾಂತಿ, ಮಂಪರು ಇದ್ದರೆ ನಾಳೆವರೆಗೆ ಕಾಯಬೇಡಿ, ಈಗಲೇ ಹೋಗಿ.

ಇನ್ನು ನಿಮ್ಮ ಅಳು. ಒಂಬತ್ತು ವರ್ಷ ದಿನಾ ಮಾತ್ರೆ, ದಿನಾ ಪಥ್ಯ, ದಿನಾ ಲೆಕ್ಕ. ಒಂದು ದಿನವೂ ರಜೆ ಇಲ್ಲ. ಇದರಿಂದ ಬರುವ ದಣಿವಿಗೆ ವೈದ್ಯರು ‘ಡಯಾಬಿಟಿಸ್ ಡಿಸ್ಟ್ರೆಸ್’ ಎನ್ನುತ್ತಾರೆ. ಇದನ್ನು ಅಳೆಯಲು 1995ರಲ್ಲೇ ಅಮೆರಿಕದಲ್ಲಿ 20 ಪ್ರಶ್ನೆಗಳ ಪಟ್ಟಿ ಮಾಡಿದರು. ಪಥ್ಯ ತಪ್ಪಿದಾಗ ಅಪರಾಧ ಮಾಡಿದಂತೆ ಅನ್ನಿಸುತ್ತಾ? ಈ ಕಾಯಿಲೆ ಜೊತೆ ನಾನೊಬ್ಬಳೇ ಇದ್ದೇನೆ ಅನ್ನಿಸುತ್ತಾ? ಅದರಲ್ಲಿರುವುದು ಇಂಥ ಪ್ರಶ್ನೆಗಳೇ. ನಿಮ್ಮ ಪತ್ರ ಓದುವಾಗ ನನಗೆ ಆ ಪಟ್ಟಿಯೇ ನೆನಪಾಯಿತು. ಮೊಮ್ಮಗಳ ಜೊತೆ ನಗು ಬರುತ್ತದೆ, ಶುಗರ್ ಅಂದರೆ ಮಾತ್ರ ಅಳು ಬರುತ್ತದೆ ಅಂದಿರಲ್ಲ, ಖಿನ್ನತೆಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಅದೇ. ನಿಮ್ಮ ತಲೆ ಕೆಟ್ಟಿಲ್ಲ. ನಿಮಗೆ ದಣಿವಾಗಿದೆ.

9.1 ಜಾಸ್ತಿಯೇ, ಇಳಿಸಬೇಕು. ಎಷ್ಟೋ ಜನರಿಗೆ ನಾವು ಇಟ್ಟುಕೊಳ್ಳುವ ಗುರಿ 7ರ ಆಸುಪಾಸು. ಆದರೆ ಆ ಪರೀಕ್ಷೆ ಹೇಳುವುದು ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಮಾತ್ರ. ನೀವು ಕದ್ದು ತಿಂದಿರಿ ಅಂತ ಅದು ಹೇಳುವುದಿಲ್ಲ. ವರ್ಷ ಕಳೆದಂತೆ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಾಗುವುದೇ ಕಡಿಮೆಯಾಗುತ್ತದೆ. ಆಗ ಹೊರಗಿನಿಂದ ಕೊಡಬೇಕಾಗಬಹುದು. ಅದು ಯಾರ ತಪ್ಪಿಗೂ ಶಿಕ್ಷೆ ಅಲ್ಲ. ಚಿಂತೆಯೂ ಸಕ್ಕರೆ ಏರಿಸುತ್ತದೆ. ಮನಸ್ಸು ಉದ್ವೇಗದಲ್ಲಿದ್ದಾಗ ಕಾರ್ಟಿಸಾಲ್, ಅಡ್ರಿನಲಿನ್ ಎಂಬ ಹಾರ್ಮೋನುಗಳು ಹೆಚ್ಚಾಗಿ, ಲಿವರ್ ತನ್ನಲ್ಲಿ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಹೆದರಿಸಿದರೆ ರೋಗಿ ದಾರಿಗೆ ಬರುತ್ತಾರೆ ಅಂತ ನಮ್ಮ ವೈದ್ಯರಲ್ಲಿ ಇನ್ನೂ ಅನೇಕರು ನಂಬಿದ್ದಾರೆ. ಹೆದರಿದವರು ಆಸ್ಪತ್ರೆಗೆ ಬರುವುದನ್ನೇ ಬಿಡುತ್ತಾರೆ. ಮುಂದಿನ ಸಲ ಡಾಕ್ಟರಿಗೆ ನೇರವಾಗಿ ಹೇಳಿ: "ನನಗೆ ಸಾಕಾಗಿದೆ, ಒಂದು ಸಲಕ್ಕೆ ಒಂದೇ ಬದಲಾವಣೆ ಹೇಳಿ." ಅಷ್ಟು ಕೇಳುವ ಹಕ್ಕು ನಿಮಗಿದೆ.

ಮಾವಿನ ಬಗ್ಗೆ ಸ್ವಲ್ಪ ಹೇಳಲೇಬೇಕು. 100 ಗ್ರಾಂ ಮಾವಿನ ತಿರುಳಲ್ಲಿ ಸುಮಾರು 15 ಗ್ರಾಂ ಕಾರ್ಬೋಹೈಡ್ರೇಟ್, ಅಂದರೆ ಹೊಟ್ಟೆಗೆ ಹೋದ ಮೇಲೆ ಸಕ್ಕರೆಯಾಗುವ ಅಂಶ, ಇರುತ್ತದೆ. 100 ಗ್ರಾಂ ರಾಗಿ ಹಿಟ್ಟಿನಲ್ಲಿ 65ಕ್ಕಿಂತ ಜಾಸ್ತಿ. ಹಣ್ಣಿನ ಹೋಳು ಕಿತ್ತುಕೊಂಡ ಮನೆಯಲ್ಲೇ, ರಾಗಿ ಶುಗರ್‌ಗೆ ಒಳ್ಳೆಯದು ಅಂತ ಎರಡನೇ ಮುದ್ದೆ ಬಡಿಸಿರುತ್ತಾರೆ, ಅಲ್ವಾ? ಮುದ್ದೆ ಬಿಡಿ ಅನ್ನುತ್ತಿಲ್ಲ. ಚಿಕ್ಕದೊಂದು ಸಾಕು, ಸೊಪ್ಪಿನ ಸಾರು, ಕಾಳು ಜಾಸ್ತಿ ಹಾಕಿಕೊಳ್ಳಿ. ಸಕ್ಕರೆ ಹತೋಟಿಗೆ ಬಂದ ಮೇಲೆ, ಡಾಕ್ಟರನ್ನು ಕೇಳಿ, ಒಂದೆರಡು ಹೋಳು ಮಾವು ತಿನ್ನಬಹುದು. ಮುದ್ದೆ ಉಂಡ ಹೊಟ್ಟೆಯ ಮೇಲೆ ಬೇಡ. ಎಲ್ಲರ ಎದುರಿಗೇ ಕೂತು ತಿನ್ನಿ.

ಮಗನ ಮಾತು ಒರಟಾಗಿತ್ತು. ಅದರ ಹಿಂದೆ ಇದ್ದದ್ದು ಭಯ ಅಂತ ನನಗನ್ನಿಸುತ್ತದೆ. ಅವನನ್ನು ಒಬ್ಬನೇ ಇದ್ದಾಗ ಕೂರಿಸಿಕೊಳ್ಳಿ. "ನನ್ನ ತಟ್ಟೆ ಕಾಯಬೇಡಪ್ಪಾ, ಸಂಜೆ ಜೊತೆಗೆ ತೋಟದವರೆಗೆ ನಡಿ, ತಿಂಗಳಿಗೊಮ್ಮೆ ಆಸ್ಪತ್ರೆಗೆ ಬಾ" ಅನ್ನಿ. ಕಾಳಜಿ ಇರುವವರಿಗೆ ಮಾಡಲು ಒಂದು ಕೆಲಸ ಕೊಟ್ಟರೆ ಬೈಗುಳ ಕಡಿಮೆಯಾಗುವುದನ್ನು ನಾನು ಕಂಡಿದ್ದೇನೆ.

ಒಂದು ಎಚ್ಚರಿಕೆ. ಎರಡು ವಾರ ದಿನವಿಡೀ ಮನಸ್ಸು ಮಂಕಾಗಿಯೇ ಇದ್ದರೆ, ಮೊಮ್ಮಗಳೂ ಬೇಡ ಅನ್ನಿಸಿದರೆ, ನಿದ್ದೆ ಕೆಟ್ಟರೆ, ಅದು ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ. ಕೋಲಾರದ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಿ. ಬದುಕೇ ಬೇಡ ಎಂಬ ಯೋಚನೆ ಬಂದರೆ ಎರಡು ವಾರ ಕಾಯುವುದು ಬೇಡ. ಆ ಕ್ಷಣವೇ ಮನೆಯವರಿಗೆ ಹೇಳಿ, 14416ಕ್ಕೆ ಫೋನ್ ಮಾಡಿ. ಇದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 2022ರಲ್ಲಿ ಶುರುವಾಗಿದ್ದು. ಹಗಲೂ ರಾತ್ರಿ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ನಾಳೆ ಸಕ್ಕರೆ ಎಷ್ಟು ಬಂತು ಅಂತ ಬರೆಯಿರಿ. ಮಗನ ಜೊತೆ ಮಾತು ಹೇಗಾಯಿತು ಅಂತಲೂ ಬರೆಯಿರಿ.