ಓದುಗರ ಪ್ರಶ್ನೆಗಳಿಗೆ ಉತ್ತರ: ಊರು ಬೇರೆಯಾದರೂ ಎಫ್‌ಎಂ ಅದೇ ಏಕೆ?

ಪ್ರಶ್ನೆ: ಕೆಲಸದ ನಿಮಿತ್ತ ತಿಂಗಳಿಗೆರಡು ಸಲ ಕಾರಿನಲ್ಲಿ ಮಂಗಳೂರಿಗೆ ಹೋಗುತ್ತೇನೆ. ಬೆಂಗಳೂರು ಬಿಟ್ಟ ಸ್ವಲ್ಪ ಹೊತ್ತಿಗೆ 93.5 ಚಾನೆಲ್ ಗೊರಗೊರ ಸದ್ದಾಗಿ ಕಳೆದುಹೋಗುತ್ತದೆ. ಸ್ಟೇಷನ್ ಬದಲಿಸದೆ ಹಾಗೆಯೇ ಬಿಟ್ಟರೆ, ಘಟ್ಟ ಇಳಿದು ಮಂಗಳೂರು ಸಮೀಪಿಸುವಾಗ ಅದೇ ಸಂಖ್ಯೆಯಲ್ಲಿ ಅದೇ ಹೆಸರಿನ ಚಾನೆಲ್ ಮತ್ತೆ ಮಾತನಾಡತೊಡಗುತ್ತದೆ. ಇವೆರಡೂ ಒಂದೇ ನಿಲ್ದಾಣವೇ? ಒಂದು ಕಂಪನಿ ಇಷ್ಟು ಊರುಗಳಿಗೆ ಹಬ್ಬಿದ್ದು ಹೇಗೆ? (ಬೆಂಗಳೂರಿನ ಓದುಗರೊಬ್ಬರು)

ಉತ್ತರ: ಒಂದೇ ನಿಲ್ದಾಣವಲ್ಲ, ಒಡೆತನ ಮಾತ್ರ ಒಂದೇ. ಪ್ರತಿ ಊರಿಗೂ ಬೇರೆ ಪರವಾನಗಿ, ಬೇರೆ ಪ್ರೇಷಕ (ಟ್ರಾನ್ಸ್‌ಮಿಟರ್) ಇರುತ್ತದೆ. ಸಂಖ್ಯೆ ಒಂದೇ ಆಗಿರುವುದಕ್ಕೆ ಕಾರಣ ತಿಳಿಯಬೇಕಾದರೆ ನಿಮ್ಮ ಕಾರಿನ ರೇಡಿಯೊದಲ್ಲಿ ಬೆಂಗಳೂರಿನ ಖಾಸಗಿ ಚಾನೆಲ್‌ಗಳನ್ನು ಒಂದೊಂದಾಗಿ ತಿರುವಿ ನೋಡಿ: 91.1, 91.9, 92.7, 93.5, 94.3. ಒಂದಕ್ಕೂ ಮುಂದಿನದಕ್ಕೂ ನಡುವೆ ಸರಿಯಾಗಿ 0.8 ಮೆಗಾಹರ್ಟ್ಸ್ ಅಂತರವಿದೆ. ಒಂದರ ಧ್ವನಿ ಇನ್ನೊಂದರೊಳಗೆ ನುಗ್ಗದಿರಲೆಂದು ಸರ್ಕಾರ ಕಟ್ಟಿದ ಏಣಿ ಇದು. ಇದೇ ಏಣಿಯನ್ನು ಬೇರೆ ನಗರಗಳಲ್ಲೂ ಇಟ್ಟು, ಸಾಧ್ಯವಾದ ಕಡೆಯಲ್ಲೆಲ್ಲ ಒಂದು ಕಂಪನಿಗೆ ಒಂದೇ ಮೆಟ್ಟಿಲನ್ನು ಕೊಟ್ಟದ್ದರಿಂದ, ಹೆಸರೂ ಸಂಖ್ಯೆಯೂ ಜನರ ಬಾಯಲ್ಲಿ ಅಂಟಿಕೊಂಡವು. ಮೆಟ್ಟಿಲುಗಳು ಇಷ್ಟು ಅಗಲವಾಗಿರುವುದರಿಂದಲೇ ಒಂದು ಊರಿನಲ್ಲಿ ಬೇಕಾದಷ್ಟು ಚಾನೆಲ್ ತೆರೆಯಲು ಬರುವುದಿಲ್ಲ ಎಂಬುದನ್ನೂ ನೆನಪಿಡಿ. ಮುಂದಿನ ಕಥೆಯೆಲ್ಲ ಈ ಕೊರತೆಯ ಸುತ್ತಲೇ ನಡೆದಿದೆ.

ಬಾನಿನ ತರಂಗಗಳು ಸಾರ್ವಜನಿಕ ಸ್ವತ್ತು, ಅವು ಸರ್ಕಾರದ ಏಕಸ್ವಾಮ್ಯವಲ್ಲ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. 1999–2000ರಲ್ಲಿ 40 ನಗರಗಳ 108 ಚಾನೆಲ್‌ಗಳು ಖಾಸಗಿಯವರಿಗೆಂದು ಹರಾಜಿಗೆ ಬಂದವು. ಉತ್ಸಾಹದಲ್ಲಿ ಕೂಗಿದ ಬೆಲೆಯೇ ವಾರ್ಷಿಕ ಶುಲ್ಕವಾಯಿತು, ಸಾಲದೆಂಬಂತೆ ಅದು ವರ್ಷಕ್ಕೆ ಶೇ 15ರಷ್ಟು ಏರುತ್ತಿತ್ತು. ಜಾಹೀರಾತಿನ ಆದಾಯ ಹಾಗೆ ವರ್ಷವರ್ಷವೂ ಏರುವ ಪದಾರ್ಥವಲ್ಲ. ಕೂಗಿದವರಲ್ಲಿ ಅನೇಕರು ಹಿಂದೆ ಸರಿದರು. ಮೊದಲ ಹಂತದ ಕೊನೆಗೆ ಉಳಿದದ್ದು 12 ನಗರಗಳ 21 ನಿಲ್ದಾಣಗಳು ಮಾತ್ರ.

ಆ ಉಳಿದವರಲ್ಲಿ ಮೊದಲನೆಯದು ನಮ್ಮ ಬೆಂಗಳೂರಿನದೇ. 2001ರ ಜುಲೈ 3ರಂದು ಇಲ್ಲಿ ಪ್ರಸಾರ ಆರಂಭಿಸಿದ ರೇಡಿಯೊ ಸಿಟಿ (ಈಗ 91.1; ನೀವು ಕೇಳುವ 93.5 ಬೇರೆ ಕಂಪನಿಯದು), ದೇಶದ ಮೊದಲ ಖಾಸಗಿ ಎಫ್‌ಎಂ ನಿಲ್ದಾಣ. ಒಂದು ಜಾಲ ಬೆಳೆಯುವ ಬಗೆಯನ್ನು ನೋಡಲು ಅದರ ಲೆಕ್ಕವೇ ಸಾಕು. ಮೊದಲ ಹಂತದಲ್ಲಿ ಅದರ ಕೈಯಲ್ಲಿದ್ದವು ಬೆಂಗಳೂರು, ಲಖನೌ, ಮುಂಬೈ ಮತ್ತು ದೆಹಲಿ ಎಂಬ ನಾಲ್ಕು ನಗರಗಳು. 2005ರಲ್ಲಿ ಎರಡನೇ ಹಂತದ ನೀತಿ ಬಂದು, ಏರುತ್ತಲೇ ಹೋಗುವ ಶುಲ್ಕದ ಬದಲು ಒಮ್ಮೆ ಕಟ್ಟುವ ಪ್ರವೇಶ ಶುಲ್ಕವನ್ನೂ, ಅದರ ಮೇಲೆ ಮುಖ್ಯವಾಗಿ ಒಟ್ಟು ಆದಾಯದ ಶೇ 4ರ ಪಾಲನ್ನೂ ಗೊತ್ತುಮಾಡಿದಾಗ, ಉಸಿರಾಡಲು ಅವಕಾಶ ಸಿಕ್ಕಿದ ಕಂಪನಿ ಇನ್ನೂ 16 ನಿಲ್ದಾಣಗಳನ್ನು ಸೇರಿಸಿಕೊಂಡು 20ಕ್ಕೆ ಮುಟ್ಟಿತು. 2015ರಲ್ಲಿ ಹಿಂದಿ ಪತ್ರಿಕೆಗೆ ಹೆಸರಾದ ಜಾಗರಣ್ ಸಮೂಹ ಈ ಕಂಪನಿಯನ್ನೇ ಕೊಂಡುಕೊಂಡಿತು; ಆ ಸಮೂಹದ ಬಳಿ ಮೊದಲೇ ಇದ್ದ ರೇಡಿಯೊ ಮಂತ್ರದ 8 ನಿಲ್ದಾಣಗಳು ಇದರೊಳಗೆ ಕರಗಿ ಸಂಖ್ಯೆ 28 ಆಯಿತು. ಅದೇ ವರ್ಷದ ಮೂರನೇ ಹಂತದ ಹರಾಜಿನಲ್ಲಿ 11 ಸಿಕ್ಕಿ 39ಕ್ಕೆ ಏರಿತು. 2017ರ ಮಾರ್ಚ್‌ನಲ್ಲಿ ಕಂಪನಿಯ ಷೇರುಗಳು ಮಾರುಕಟ್ಟೆಗೆ ಬಂದವು. ಹರಾಜಿನಲ್ಲಿ ಗೆಲ್ಲುವುದು, ಕೊಳ್ಳುವುದು, ಒಳಗೆ ಸೇರಿಸಿಕೊಳ್ಳುವುದು ಎಂಬ ಮೂರೂ ದಾರಿಗಳು ಈ ಒಂದು ಜಾಲದ ಲೆಕ್ಕದಲ್ಲೇ ಕಾಣಸಿಗುತ್ತವೆ.

ಇಲ್ಲೊಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ಆ 39ರ ಪಟ್ಟಿಯಲ್ಲಿ ಗಡಿಯಾಚೆಯ ಸೊಲ್ಲಾಪುರವಿದೆ, ಸಾಂಗ್ಲಿಯಿದೆ, ಕೊಲ್ಹಾಪುರವಿದೆ. ಬೆಂಗಳೂರಿನಲ್ಲಿ ಹುಟ್ಟಿದ ಈ ಜಾಲಕ್ಕೆ ಕರ್ನಾಟಕದಲ್ಲಿ ಎರಡನೆಯ ಊರು ಮಾತ್ರ ಇಲ್ಲ. ಜಾಲ ಬೆಳೆಯುವುದು ಭಾಷೆಯ ಜಾಡು ಹಿಡಿದಲ್ಲ, ಜಾಹೀರಾತು ಕೊಡುವವರ ಜಾಡು ಹಿಡಿದು. ರೇಡಿಯೊದಲ್ಲಿ ಮಾರಾಟವಾಗುವ ಸರಕು ಹತ್ತು ಸೆಕೆಂಡು. ಹತ್ತು ಸೆಕೆಂಡಿಗೆ ಇಷ್ಟು ರೂಪಾಯಿ ಎಂಬ ದರದಲ್ಲಿ ಒಂದೊಂದು ಊರಿನ ಬಟ್ಟೆ ಅಂಗಡಿಗೆ, ಚಿನ್ನದ ಅಂಗಡಿಗೆ ಅಲೆಯುವುದಕ್ಕಿಂತ, ಮೊಬೈಲ್ ಅಥವಾ ಸೋಪಿನ ಕಂಪನಿಯೊಂದಕ್ಕೆ ಮೂವತ್ತೊಂಬತ್ತು ನಗರಗಳನ್ನು ಒಂದೇ ಕಟ್ಟಿನಲ್ಲಿ ಮಾರುವುದು ಸುಲಭ. ಒಂದೆರಡು ನಿಲ್ದಾಣಗಳ ಸಣ್ಣ ಒಡೆಯನಿಗೆ ಆ ಬಾಗಿಲು ತೆರೆಯುವುದೇ ಇಲ್ಲ; ಅವನು ಒಂದು ದಿನ ದೊಡ್ಡವರಿಗೆ ಮಾರಿ ಹೊರಡುತ್ತಾನೆ.

ಪ್ರಶ್ನೆ: ಒಂದೇ ಕಂಪನಿ ಒಂದು ಊರಿನ ಎಲ್ಲ ಎಫ್‌ಎಂ ಚಾನೆಲ್‌ಗಳನ್ನೂ ಕೊಂಡುಬಿಡಬಹುದೇ? ಕಾನೂನಿನ ತಡೆ ಏನಾದರೂ ಇದೆಯೇ? (ಮೈಸೂರಿನ ಓದುಗರೊಬ್ಬರು)

ಉತ್ತರ: ತಡೆ ಇದೆ. ದೇಶದಲ್ಲಿ ಹಂಚಿಕೆಯಾದ ಒಟ್ಟು ಚಾನೆಲ್‌ಗಳಲ್ಲಿ ಶೇ 15ಕ್ಕಿಂತ ಹೆಚ್ಚನ್ನು ಒಬ್ಬರೇ ಹಿಡಿದುಕೊಳ್ಳುವಂತಿಲ್ಲ ಎಂಬ ಸಾಮಾನ್ಯ ನಿಯಮವೂ ಇತ್ತು, ಅದನ್ನು 2022ರಲ್ಲಿ ಸರ್ಕಾರ ತೆಗೆದುಹಾಕಿತು. ಊರಿನ ಮಟ್ಟದಲ್ಲಿ ಎರಡನೇ ಹಂತದವರೆಗೆ ಒಂದು ಕಂಪನಿಗೆ ಒಂದೇ ಚಾನೆಲ್ ಇತ್ತು. 2011ರ ಮೂರನೇ ಹಂತದ ನೀತಿ ಅದನ್ನು ಸಡಿಲಿಸಿ, ಕನಿಷ್ಠ ಮೂವರು ಬೇರೆ ಬೇರೆ ಒಡೆಯರು ಇರಬೇಕೆಂಬ ಷರತ್ತಿನೊಂದಿಗೆ ಊರಿನ ಶೇ 40ರಷ್ಟು ಚಾನೆಲ್‌ಗಳನ್ನು ಒಬ್ಬರೇ ಇಟ್ಟುಕೊಳ್ಳಲು ಬಿಟ್ಟಿತು. ಬೆಂಗಳೂರಿನಲ್ಲಿ 98.3 ಮತ್ತು 95 ಎರಡೂ ಮಿರ್ಚಿಯವಾಗಿರುವುದು ಈ ಸಡಿಲಿಕೆಯಿಂದಲೇ.

ಆದರೆ ಅದೇ ನೀತಿಯ ಇನ್ನೊಂದು ಸಾಲಿನ ಪರಿಣಾಮ ಹೆಚ್ಚಿನದೆಂದು ನನ್ನ ಅಭಿಪ್ರಾಯ. ಹಿಂದೆ ಒಂದು ಊರಿನ ಕಾರ್ಯಕ್ರಮವನ್ನು ಇನ್ನೊಂದು ಊರಿನಲ್ಲಿ ಏಕಕಾಲಕ್ಕೆ ಪ್ರಸಾರ ಮಾಡಲು, ಒಂದೇ ಪ್ರದೇಶದ ಸಣ್ಣ ನಗರಗಳ ನಡುವೆ ಬಿಟ್ಟರೆ, ಅನುಮತಿ ಇರಲಿಲ್ಲ. ಹಾಗಾಗಿ ಮೈಸೂರಿನ ನಿಲ್ದಾಣವೆಂದರೆ ಮೈಸೂರಿನಲ್ಲಿ ಸ್ಟುಡಿಯೊ, ಬೆಳಿಗ್ಗೆ ದಸರಾ ದಟ್ಟಣೆಯ ಬಗ್ಗೆ ಮಾತನಾಡುವ ಮೈಸೂರಿನ ಆರ್‌ಜೆ. ಮೂರನೇ ಹಂತದಲ್ಲಿ ಕಂಪನಿಯು ತನ್ನ ಇಡೀ ಜಾಲದೊಳಗೆ ಕಾರ್ಯಕ್ರಮ ಹಂಚಿಕೊಳ್ಳಬಹುದೆಂದಾದ ಮೇಲೆ, ಮಧ್ಯಾಹ್ನದ ಮತ್ತು ರಾತ್ರಿಯ ಹೊತ್ತಿಗೆ ಊರಿಗೊಬ್ಬ ಆರ್‌ಜೆ ಬೇಕೆಂಬ ಕಟ್ಟುಪಾಡು ಉಳಿಯಲಿಲ್ಲ. ಒಡೆತನಕ್ಕೆ ಮಿತಿ ಹಾಕಿದ ನಿಯಮ, ಧ್ವನಿಗಳ ಸಂಖ್ಯೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಸುದ್ದಿಯ ವಿಷಯದಲ್ಲಂತೂ ಖಾಸಗಿ ಎಫ್‌ಎಂಗೆ ಸ್ವಂತ ಬಾಯಿಯೇ ಇಲ್ಲ. ಆಕಾಶವಾಣಿಯ ವಾರ್ತೆಯನ್ನು ಒಂದಕ್ಷರ ಬದಲಿಸದೆ ಪ್ರಸಾರ ಮಾಡಬಹುದು, ಅಷ್ಟೆ.

ದೊಡ್ಡವರು ಕೈಹಾಕಿದ್ದೆಲ್ಲ ಕೂಡಿಬರುತ್ತದೆ ಎಂದೂ ತಿಳಿಯಬೇಡಿ. 92.7ರ ಬಿಗ್ ಎಫ್‌ಎಂ ಅನ್ನು 1,050 ಕೋಟಿ ರೂಪಾಯಿಗೆ ಕೊಳ್ಳುವುದಾಗಿ ರೇಡಿಯೊ ಸಿಟಿಯ ಕಂಪನಿ 2019ರಲ್ಲಿ ಪ್ರಕಟಿಸಿತ್ತು. ಆ ವ್ಯವಹಾರ ಕೈಗೂಡಲಿಲ್ಲ. ಬಿಗ್ ಎಫ್‌ಎಂ ದಿವಾಳಿ ಪ್ರಕ್ರಿಯೆಗೆ ಹೋಗಿ, 2024ರಲ್ಲಿ ಸಫೈರ್ ಮೀಡಿಯಾ ಎಂಬ ಬೇರೊಂದು ಸಂಸ್ಥೆಯ ಪಾಲಾಯಿತು.

ಪ್ರಶ್ನೆ: ನಮ್ಮಂಥ ದೊಡ್ಡ ಊರಿಗೆ ಖಾಸಗಿ ಎಫ್‌ಎಂ ಏಕೆ ಬಂದಿಲ್ಲ? (ದಾವಣಗೆರೆಯ ಓದುಗರೊಬ್ಬರು)

ಉತ್ತರ: ಊರು ಹರಾಜಿನ ಪಟ್ಟಿಗೆ ಬರುವುದು ಒಂದು, ಕೊಳ್ಳುವವರು ಬರುವುದು ಇನ್ನೊಂದು. 2016ರ ಹರಾಜಿನಲ್ಲಿ 92 ನಗರಗಳ 266 ಚಾನೆಲ್‌ಗಳನ್ನು ಇಟ್ಟಿದ್ದರು, ಹೋದದ್ದು 66. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಚಿವ ಸಂಪುಟವು 234 ಹೊಸ ನಗರಗಳಲ್ಲಿ 730 ಚಾನೆಲ್‌ಗಳ ಹರಾಜಿಗೆ ಒಪ್ಪಿಗೆ ಕೊಟ್ಟಿತು. ಮೀಸಲು ಬೆಲೆ, ಅಂದರೆ ಹರಾಜಿನಲ್ಲಿ ಕೂಗಬೇಕಾದ ಕನಿಷ್ಠ ಬೆಲೆ, ಒಟ್ಟು 784.87 ಕೋಟಿ ರೂಪಾಯಿ. ದಾವಣಗೆರೆಯ ಹೆಸರು ಆ ಪಟ್ಟಿಯಲ್ಲಿದೆ. ಮೀಸಲು ಬೆಲೆಯ ಜೊತೆಗೆ ಪ್ರೇಷಕ, ಗೋಪುರದ ಬಾಡಿಗೆ, ವಿದ್ಯುತ್ತು, ಹಾಡುಗಳ ಗೌರವಧನ ಎಲ್ಲವನ್ನೂ ನಿಮ್ಮೂರಿನ ಅಂಗಡಿಗಳ ಜಾಹೀರಾತಿನಲ್ಲೇ ಗಿಟ್ಟಿಸಬೇಕು. ಆ ಲೆಕ್ಕ ಸರಿಹೊಂದುವುದು ಬಹುಪಾಲು ಈಗಾಗಲೇ ಜಾಲವುಳ್ಳವರಿಗೆ. ಆದ್ದರಿಂದ ನಿಮ್ಮೂರಿಗೆ ಮೊದಲು ಬರುವ ಚಾನೆಲ್ ನೀವು ಬೆಂಗಳೂರಿಗೆ ಹೋದಾಗ ಕೇಳಿದ ಹೆಸರಿನದೇ ಆಗಿದ್ದರೆ ಅಚ್ಚರಿಪಡಬೇಕಿಲ್ಲ.