ರಿಜಿಸ್ಟರ್ ಆಗದ ವಿಲ್‌ನಲ್ಲಿರುವ ಸಹಿ ಅಪ್ಪನದೇ ಅಂತ ಕೋರ್ಟಿನಲ್ಲಿ ಸಾಬೀತು ಮಾಡುವುದು ಹೇಗೆ?

ನೀವು ಬರೆದಿರುವುದು ಇಷ್ಟು: ಅಪ್ಪ ಬಿಳಿ ಹಾಳೆಯಲ್ಲಿ ವಿಲ್ ಬರೆಸಿದ್ದಾರೆ, ಇಬ್ಬರು ಸಾಕ್ಷಿಗಳ ಸಹಿ ಇದೆ, ರಿಜಿಸ್ಟರ್ ಆಗಿಲ್ಲ, ಈಗ ನಿಮ್ಮ ಅಣ್ಣ ಸಹಿಯೇ ಅಪ್ಪನದಲ್ಲ ಅಂತಿದ್ದಾರೆ. ನಾನು ತಾಲ್ಲೂಕು ಕೋರ್ಟಿನಲ್ಲಿ ಸಿವಿಲ್ ಕೇಸು ನಡೆಸುವವನು. ಕೈಬರಹ ತಜ್ಞರನ್ನು ಆಮೇಲೆ ಹುಡುಕಿ, ಮೊದಲು ಆ ಇಬ್ಬರು ಸಾಕ್ಷಿಗಳಲ್ಲಿ ಯಾರು ಬದುಕಿದ್ದಾರೆ ನೋಡಿ.

ರಿಜಿಸ್ಟರ್ ಆಗಿಲ್ಲ ಅಂತ ತಲೆ ಕೆಡಿಸಿಕೊಳ್ಳಬೇಡಿ. ವಿಲ್‌ಗೆ ಅದು ಕಡ್ಡಾಯವಲ್ಲ, ಛಾಪಾ ಕಾಗದವೂ ಬೇಕಿಲ್ಲ. ಆಗಿದ್ದರೂ ಸಾಕ್ಷಿ ಕರೆಸುವುದು ತಪ್ಪುತ್ತಿರಲಿಲ್ಲ ಬಿಡಿ. ಸಾಕ್ಷ್ಯ ಕಾಯ್ದೆಯ ಹಳೇ 68ನೇ ಸೆಕ್ಷನ್ 2024ರ ಜುಲೈಯಿಂದ ಹೊಸ ಕಾಯ್ದೆಯಲ್ಲಿ 67 ಆಗಿದೆ, ವಿಷಯ ಅದೇ: ಸಹಿ ಹಾಕಿದ ಸಾಕ್ಷಿಗಳಲ್ಲಿ ಒಬ್ಬರಾದರೂ ಬಂದು ಕಟಕಟೆ ಹತ್ತಬೇಕು. ಕೆಳಗೆ 'ಬಿಕ್ಕಲಂ' ಅಂತ ಹಾಕಿದ ಬರಹಗಾರ, ಬರೆದ ಮಾತ್ರಕ್ಕೆ ಈ ಲೆಕ್ಕದ ಸಾಕ್ಷಿ ಆಗುವುದಿಲ್ಲ.

ಆ ಸಾಕ್ಷಿ ಏನು ಹೇಳುತ್ತಾರೆ ಅನ್ನುವುದರ ಮೇಲೆ ಕೇಸು ನಿಂತಿದೆ. ನಿಮ್ಮಪ್ಪ ಸಹಿ ಹಾಕಿದ್ದನ್ನು ಕಣ್ಣಾರೆ ನೋಡಿದೆ, ಅಥವಾ ಇದು ನನ್ನದೇ ಸಹಿ ಅಂತ ಅವರೇ ನನಗೆ ಹೇಳಿದರು, ಆಮೇಲೆ ಅವರ ಎದುರಿಗೇ ನಾನೂ ಹಾಕಿದೆ. ಇನ್ನೊಬ್ಬ ಸಾಕ್ಷಿಯೂ ಹೀಗೇ ಹಾಕಿದರು ಅನ್ನುವುದೂ ಬರಬೇಕು, ಇದನ್ನು ಬಹಳ ಜನ ಮರೆಯುತ್ತಾರೆ. ಪಾಟೀಸವಾಲಿನಲ್ಲಿ ಎದುರು ವಕೀಲರು ಸುಮ್ನೆ ಬಿಡ್ತಾರಾ? ಯಾರ ಮನೆ, ಬೆಳಿಗ್ಗೆಯೋ ಸಂಜೆಯೋ, ಮೊದಲು ಯಾರು ಹಾಕಿದ್ದು, ನಿಮ್ಮನ್ನು ಕರೆದದ್ದು ಯಾರು, ಅಂತ ಒಂದೊಂದಾಗಿ ಕೆದಕುತ್ತಾರೆ. "ಕರೆದು ಸಹಿ ಹಾಕು ಅಂದರು, ಹಾಕಿದೆ, ಅಷ್ಟೇ ಗೊತ್ತು" ಅಂದುಬಿಟ್ಟರೆ ಅಲ್ಲಿಗೆ ಕೇಸು ಅರ್ಧ ಬಿದ್ದ ಹಾಗೆ. ಹಾಗಂತ ಗಿಣಿಪಾಠ ಒಪ್ಪಿಸಲು ಹೋಗಬೇಡಿ, ಅದು ಎರಡನೇ ಪ್ರಶ್ನೆಗೇ ಗೊತ್ತಾಗುತ್ತದೆ.

ಸಹಿ ಸಾಬೀತಾದರೂ ಅನುಮಾನ ಉಳಿಯಬಹುದು. ನಮ್ಮ ಮೈಸೂರು ಕಡೆಯದೇ ಒಂದು ಕೇಸು, ವೆಂಕಟಾಚಲ ಅಯ್ಯಂಗಾರ್ ವಿರುದ್ಧ ತಿಮ್ಮಜಮ್ಮ, ಸುಪ್ರೀಂ ಕೋರ್ಟ್ 1958ರಲ್ಲಿ ತೀರ್ಮಾನಿಸಿದ್ದು. ವಿಲ್ ಬರೆಸುವುದರಲ್ಲಿ ಲಾಭ ಪಡೆಯುವವರೇ ಮುಂದೆ ನಿಂತಿದ್ದರೆ, ಆ ಅನುಮಾನ ಕಳೆಯುವ ಹೊಣೆ ವಿಲ್ ತಂದವರದ್ದೇ ಅಂತ ಅದು ಹೇಳಿತು. ಇವತ್ತಿಗೂ ಇಂಥ ಕೇಸುಗಳಲ್ಲಿ ಅದನ್ನೇ ಓದುತ್ತಾರೆ. ಹಾಗಾಗಿ ಅಣ್ಣನಿಗೆ ಯಾಕೆ ಏನೂ ಬಿಡಲಿಲ್ಲ ಅನ್ನುವುದಕ್ಕೆ ನಿಮ್ಮ ಹತ್ತಿರ ನಿಜವಾದ ಉತ್ತರ ಇರಬೇಕು.

ತಜ್ಞರ ವರದಿ ಬರೀ ಅಭಿಪ್ರಾಯ, ಅದೊಂದನ್ನೇ ನಂಬಿ ಕೂರಬೇಡಿ. ಆದರೂ ಅಪ್ಪ ಅದೇ ವರ್ಷಗಳಲ್ಲಿ ಹಾಕಿದ ಸಹಿಗಳನ್ನು ಕೂಡಿಹಾಕಿ, ಬ್ಯಾಂಕಿನ ಫಾರಂ, ಚೆಕ್ಕು, ಕ್ರಯಪತ್ರ, ಏನಾದರೂ ಸರಿ. 20 ವರ್ಷ ಹಿಂದಿನ ಸಹಿ ಜಾಸ್ತಿ ಉಪಯೋಗಕ್ಕೆ ಬರಲ್ಲ, ವಯಸ್ಸಾದ ಮೇಲೆ ಕೈ ನಡುಗುತ್ತದೆ ಅಲ್ವಾ. ಮತ್ತೆ ದಯವಿಟ್ಟು ಅಸಲು ವಿಲ್ ಲ್ಯಾಮಿನೇಟ್ ಮಾಡಿಸಬೇಡಿ! ಪೆನ್ ಒತ್ತಿದ ಗುರುತು, ಇಂಕು ಎಲ್ಲ ನೋಡಲು ಕಷ್ಟವಾಗುತ್ತದೆ.

ಸಾಕ್ಷಿಗೆ ವಯಸ್ಸಾಗಿ ಓಡಾಡಲು ಆಗದಿದ್ದರೆ ಕೋರ್ಟ್ ಕಮಿಷನರ್ ಮನೆಗೇ ಬಂದು ಹೇಳಿಕೆ ಬರೆದುಕೊಳ್ಳುವಂತೆ ಅರ್ಜಿ ಹಾಕಬಹುದು. ಇಬ್ಬರೂ ತೀರಿಹೋಗಿದ್ದರೆ, ಒಬ್ಬ ಸಾಕ್ಷಿಯ ಕೈಬರಹ ಗುರುತಿಸಬಲ್ಲ ಅವರ ಹೆಂಡತಿಯನ್ನೋ ಮಕ್ಕಳನ್ನೋ ಕರೆಸಿ, ಜೊತೆಗೆ ಅಪ್ಪನ ಸಹಿಯನ್ನೂ ಹಾಗೇ ಸಾಬೀತು ಮಾಡಬೇಕು. ಸಾಕ್ಷಿಗಳು ಇದ್ದಾರೋ ಇಲ್ಲವೋ ಅಂತ ಕಾಮೆಂಟಿನಲ್ಲಿ ತಿಳಿಸಿ, ಅದರ ಮೇಲೆ ಮುಂದಿನದು ಹೇಳುತ್ತೇನೆ.