ವಿಡಿಯೊ ನಿಲ್ಲಿಸಿ ಪ್ಲೇ ಒತ್ತಿದರೆ ಮೊದಲ ಮಾತೇ ಮಾಯ!

ಪ್ರಶ್ನೆ: ಪಾಠದ ವಿಡಿಯೊ ನೋಡುತ್ತಾ ನೋಟ್ಸ್ ಬರೆಯುತ್ತೇನೆ. ನಿಲ್ಲಿಸಿ, ಬರೆದು, ಮತ್ತೆ ಪ್ಲೇ ಒತ್ತಿದರೆ ಚಿತ್ರ ತಕ್ಷಣ ಓಡುತ್ತದೆ, ಸೌಂಡ್ ಮಾತ್ರ ಅರ್ಧ-ಮುಕ್ಕಾಲು ಸೆಕೆಂಡ್ ಬಿಟ್ಟು ಬರುತ್ತದೆ. ಮೊದಲ ಒಂದೆರಡು ಪದ ಕೇಳಿಸುವುದೇ ಇಲ್ಲ. ಪ್ಲೇಯರ್ ಬದಲಿಸಿದರೂ ಅದೇ ಕಥೆ. ಕಂಪ್ಯೂಟರಿನಲ್ಲಿ ಉಬುಂಟು 24.04 ಲಿನಕ್ಸ್ ಇದೆ. ಸೌಂಡ್ ಕಾರ್ಡ್ ಹೋಗಿದೆಯಾ?

ಉತ್ತರ: ಕಾರ್ಡ್ ಹೋಗಿಲ್ಲ, ನಿದ್ದೆ ಮಾಡುತ್ತಿದೆ ಅನ್ನಿಸುತ್ತದೆ. ಮೊದಲು ಒಂದು ಪರೀಕ್ಷೆ ಮಾಡಿ. ವಿಡಿಯೊ ನಿಲ್ಲಿಸಿ, ಎರಡೇ ಸೆಕೆಂಡಿಗೆ ಪ್ಲೇ ಒತ್ತಿ. ಆಮೇಲೆ ಹತ್ತು ಸೆಕೆಂಡ್ ಸುಮ್ನೆ ಬಿಟ್ಟು ಒತ್ತಿ. ಮೊದಲನೇ ಸಲ ಸರಿ ಇದ್ದು ಎರಡನೇ ಸಲ ಮಾತು ನುಂಗಿದರೆ ಕಳ್ಳ ಸಿಕ್ಕಿದ ಹಾಗೆ. ಉಬುಂಟುವಿನಲ್ಲಿ ಈಗ ಸೌಂಡ್ ನೋಡಿಕೊಳ್ಳುವುದು ಪೈಪ್‌ವೈರ್ ಅನ್ನುವ ಪ್ರೋಗ್ರಾಮ್. ಅದರ ಜೊತೆಗಾರ ವೈರ್‌ಪ್ಲಂಬರ್, ಸೌಂಡ್ ನಿಂತು 5 ಸೆಕೆಂಡ್ ಆಯಿತೆಂದರೆ ಕಾರ್ಡನ್ನು ಮಲಗಿಸಿಬಿಡುತ್ತದೆ. ಕಾರ್ಡ್ ಎದ್ದು ಕಣ್ಣುಜ್ಜಿಕೊಳ್ಳುವಷ್ಟರಲ್ಲಿ ನಿಮ್ಮ ಮೇಷ್ಟ್ರು ಎರಡು ಪದ ಮುಂದೆ ಹೋಗಿರುತ್ತಾರೆ. ಎಚ್‌ಡಿಎಂಐ ಮೂಲಕ ಟಿವಿಗೆ ಹಾಕಿದ್ದರೆ ಇದು ಇನ್ನೂ ಜಾಸ್ತಿ, ಯಾಕೆಂದರೆ ಟಿವಿಯೂ ಏಳಬೇಕಲ್ವಾ.

ಕಣ್ಣಾರೆ ನೋಡಬೇಕಿದ್ದರೆ ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿ) ಪಿಡಬ್ಲ್ಯೂ-ಟಾಪ್ (pw-top) ಓಡಿಸಿ. ನಿಮ್ಮ ಸ್ಪೀಕರಿನ ಸಾಲಿನ ಶುರುವಿನಲ್ಲಿರುವ ಅಕ್ಷರ ಆರ್ ಇದ್ದದ್ದು, ವಿಡಿಯೊ ನಿಲ್ಲಿಸಿ ಸ್ವಲ್ಪ ಹೊತ್ತಿಗೆ ಎಸ್ ಆಗುತ್ತದೆ. ಎಸ್ ಅಂದರೆ ಸಸ್ಪೆಂಡ್.

ಸರಿಪಡಿಸುವಾಗ ಒಂದು ಎಚ್ಚರಿಕೆ. ವೈರ್‌ಪ್ಲಂಬರ್ 2024ರಲ್ಲಿ ಬಂದ 0.5ರಿಂದ ಸೆಟ್ಟಿಂಗ್ಸ್ ಬರೆಯುವ ರೀತಿಯನ್ನೇ ಬದಲಿಸಿದೆ, ನಿಮ್ಮ 24.04ರಲ್ಲಿರುವುದು ಹಳೆಯ 0.4, ಹಾಗಾಗಿ ನೆಟ್‌ನಲ್ಲಿ ಸಿಕ್ಕ ಹೊಸ ಪರಿಹಾರವನ್ನು ಹಾಗೇ ಅಂಟಿಸಿದರೆ ಏನೂ ಆಗುವುದಿಲ್ಲ. ನಿಮಗೆ ಬೇಕಾದ್ದು ಲೂವಾ ಭಾಷೆಯಲ್ಲಿ ಬರೆದ ಸೆಟ್ಟಿಂಗ್ಸ್ ಫೈಲು. ಸಿಸ್ಟಮ್‌ನ ವೈರ್‌ಪ್ಲಂಬರ್ ಫೋಲ್ಡರಿನಲ್ಲಿ ಮೇನ್.ಲೂವಾ.ಡಿ ಒಳಗೆ 50-ಆಲ್ಸಾ-ಕಾನ್ಫಿಗ್ (50-alsa-config.lua) ಅಂತ ಇದೆ. ಅದನ್ನು ಅದೇ ಹೆಸರಿನಲ್ಲಿ ನಿಮ್ಮ ಹೋಮ್‌ನ ಕಾನ್ಫಿಗ್ ಫೋಲ್ಡರಿನೊಳಗೆ ಅದೇ ಜೋಡಣೆಯಲ್ಲಿ (~/.config/wireplumber/main.lua.d) ಕಾಪಿ ಮಾಡಿ. ಸೆಷನ್.ಸಸ್ಪೆಂಡ್-ಟೈಮ್‌ಔಟ್-ಸೆಕೆಂಡ್ಸ್ ಅನ್ನುವ ಸಾಲು ಹುಡುಕಿ, ಶುರುವಿನ ಎರಡು ಅಡ್ಡಗೆರೆ (--) ಅಳಿಸಿ, 5 ಇದ್ದದ್ದನ್ನು 0 ಮಾಡಿ. ಲಾಗ್‌ಔಟ್ ಆಗಿ ಬನ್ನಿ. ಬ್ಯಾಟರಿ ಒಂಚೂರು ಜಾಸ್ತಿ ತಿನ್ನುತ್ತದೆ, ಪಾಠ ತಪ್ಪುವುದಕ್ಕಿಂತ ವಾಸಿ.

ಇಷ್ಟಾದರೂ ಹೋಗಲಿಲ್ಲವೇ? ಬ್ಯಾಟರಿ ಉಳಿಸಲು ಟಿಎಲ್‌ಪಿ (TLP) ಅನ್ನುವ ಪ್ರೋಗ್ರಾಮ್ ಹಾಕಿಕೊಂಡಿದ್ದೀರಾ ನೋಡಿ. ಅದು ಕೆಳಗಿನ ಡ್ರೈವರ್ ಮಟ್ಟದಲ್ಲೇ ಕಾರ್ಡನ್ನು ಮಲಗಿಸುತ್ತದೆ, ಆಗ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಸ್ಪೀಕರ್ 'ಟಪ್' ಅನ್ನುವುದೂ ಉಂಟು. ಟಿಎಲ್‌ಪಿ ಫೈಲಿನಲ್ಲಿ ಸೌಂಡ್ ಪವರ್ ಸೇವ್ ಅಂತ ಎರಡು ಸಾಲುಗಳಿವೆ, ಒಂದು ಚಾರ್ಜರ್‌ಗೆ, ಒಂದು ಬ್ಯಾಟರಿಗೆ. ಎರಡನ್ನೂ 0 ಮಾಡಿ.